ಗ್ರಾಮ ಸಭೆಯ ಧ್ವನಿಮುದ್ರಣ: ಯುಎಸ್‌ಬಿ ಮೈಕ್ರೋಫೋನನ್ನು ಗಣಕಯಂತ್ರಕ್ಕೆ ಅಳವಡಿಸುವ ವಿಧಾನ

(ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನಕ್ಕಾಗಿ)

ಪೀಠಿಕೆ

ಬೆಂಗಳೂರಿನ ದಕ್ಷಿಣಕ್ಕೆ, ಜೆ.ಪಿ. ನಗರದ ಅಂಚಿನಲ್ಲಿರುವ ಪುಟ್ಟೇನಹಳ್ಳಿಯ ಹೆಸರಿನಲ್ಲಿ ಇಂದಿಗೂ ಹಳ್ಳಿ ಉಳಿದಿದೆ. ಆಡಳಿತದಲ್ಲಿ ಅದು ಮಹಾನಗರದ ಭಾಗವಾಗಿದೆ. ಅಲ್ಲಿನ ಕೆರೆಯನ್ನು ಉಳಿಸಿಕೊಳ್ಳಲು ಸುತ್ತಲಿನ ನಿವಾಸಿಗಳು 2010ರಲ್ಲಿ ‘ಪುಟ್ಟೇನಹಳ್ಳಿ ನೇಬರ್‌ಹುಡ್ ಲೇಕ್ ಇಂಪ್ರೂವ್‌ಮೆಂಟ್ ಟ್ರಸ್ಟ್’ ಎಂಬ ಸಂಸ್ಥೆಯನ್ನು ಕಟ್ಟಿಕೊಂಡರು. ಕೆರೆಯ ನೀರನ್ನು ಮರಳಿ ತುಂಬಿಸಲು ಶ್ರಮಪಡಬಹುದು. ಆದರೆ ಯಾವ ಕಾಲುವೆ ಎಲ್ಲಿಂದ ಹರಿಯುತ್ತಿತ್ತು, ತೂಬಿನ ನೀರು ಯಾವ ಗದ್ದೆಗೆ ಮೊದಲು ಸಲ್ಲುತ್ತಿತ್ತು ಎಂಬುದನ್ನು ಬಲ್ಲ ಹಿರಿಯರ ಮಾತು ಒಮ್ಮೆ ಹೋದರೆ ಮರಳಿ ಬಾರದು.

ನಗರದ ಅಂಚಿನಲ್ಲಿರುವ ಪ್ರತಿಯೊಂದು ಗ್ರಾಮಕ್ಕೂ ಈ ಮಾತು ಅನ್ವಯಿಸುತ್ತದೆ. ಗ್ರಾಮವು ನಗರಾಡಳಿತಕ್ಕೆ ಸೇರಿದ ದಿನ ಅದರ ಗ್ರಾಮ ಸಭೆಯೂ ಕೊನೆಗೊಳ್ಳುತ್ತದೆ. ಅಲ್ಲಿಯವರೆಗೆ ಜನರು ಆಡಿದ ಮಾತುಗಳಲ್ಲಿ ನಡವಳಿ ಪುಸ್ತಕದಲ್ಲಿ ಬರೆದಷ್ಟು ಮಾತ್ರ ಉಳಿಯುತ್ತದೆ. ಬರೆಯುವವರ ಕೈ ಎಷ್ಟೇ ಚುರುಕಾಗಿದ್ದರೂ ಏಕಕಾಲಕ್ಕೆ ಮೂವರು ಮಾತನಾಡುವ ಸಭೆಯಲ್ಲಿ ಎಲ್ಲವನ್ನೂ ಹಿಡಿದಿಡುವುದು ಅಸಾಧ್ಯ. ಆದುದರಿಂದ ಸಭೆಯ ಧ್ವನಿಯನ್ನು ಸ್ಪಷ್ಟವಾಗಿ ಮುದ್ರಿಸಿಕೊಳ್ಳುವ ಸರಳ ವಿಧಾನವನ್ನು ಈ ಪಾಠದಲ್ಲಿ ವಿವರಿಸಲಾಗಿದೆ.

1. ಧ್ವನಿಮುದ್ರಣದ ಸ್ಥಾನ

ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ 3ನೇ ಪ್ರಕರಣವು ವಾರ್ಡ್ ಸಭೆಗೂ 3-ಎ ಪ್ರಕರಣವು ಗ್ರಾಮ ಸಭೆಗೂ ಸಂಬಂಧಿಸಿವೆ. ಸಭೆಯ ನಿರ್ಣಯಗಳಿಗೆ ನಡವಳಿ ಪುಸ್ತಕವೇ ಆಧಾರ. ಧ್ವನಿಮುದ್ರಿಕೆಯು ಅದಕ್ಕೆ ಬದಲಿಯಲ್ಲ, ಪೂರಕ. ನಡವಳಿಯಲ್ಲಿ ಬಿಟ್ಟುಹೋದ ಬೇಡಿಕೆಯನ್ನು ಗುರುತಿಸಲು, ಆಕ್ಷೇಪಣೆ ಬಂದಾಗ ಪರಿಶೀಲಿಸಲು ಮತ್ತು ಕ್ರಿಯಾಯೋಜನೆ ಸಿದ್ಧಪಡಿಸುವಾಗ ಜನರ ಮಾತನ್ನೇ ಮತ್ತೊಮ್ಮೆ ಆಲಿಸಲು ಅದು ನೆರವಾಗುತ್ತದೆ.

ಕೇಂದ್ರ ಪಂಚಾಯತ್ ರಾಜ್ ಸಚಿವಾಲಯವು 2025ರ ಆಗಸ್ಟ್‌ನಲ್ಲಿ ‘ಸಭಾಸಾರ್’ ಎಂಬ ಸಾಧನವನ್ನು ಪ್ರಾರಂಭಿಸಿತು. ಸಭೆಯ ಧ್ವನಿ ಅಥವಾ ದೃಶ್ಯ ಮುದ್ರಿಕೆಯಿಂದ ನಡವಳಿಯ ಕರಡನ್ನು ಸಿದ್ಧಪಡಿಸುವುದು ಅದರ ಕಾರ್ಯ. ಇಂತಹ ಸಾಧನ ಯಾವುದೇ ಆಗಿರಲಿ, ಕಿವಿಗೆ ಕೇಳಿಸದ ಮಾತನ್ನು ಅದು ಬರೆಯಲಾರದು. ಸ್ಪಷ್ಟ ಮುದ್ರಣವೇ ಮೊದಲ ಅಗತ್ಯ.

ಜೀವವೈವಿಧ್ಯ ಅಧಿನಿಯಮ, 2002ರ 41ನೇ ಪ್ರಕರಣದಂತೆ ರಚನೆಯಾದ ಜೀವವೈವಿಧ್ಯ ನಿರ್ವಹಣಾ ಸಮಿತಿಗಳು ಜನತಾ ಜೀವವೈವಿಧ್ಯ ದಾಖಲಾತಿಗಾಗಿ ಹಿರಿಯರಿಂದ ಮಾಹಿತಿ ಪಡೆಯುವಾಗಲೂ ಇದೇ ವಿಧಾನವನ್ನು ಅನುಸರಿಸಬಹುದು.

2. ಯುಎಸ್‌ಬಿ ಮೈಕ್ರೋಫೋನ್ ಏಕೆ?

ಧ್ವನಿಯು ಗಾಳಿಯಲ್ಲಿನ ಕಂಪನ. ಮೈಕ್ರೋಫೋನ್ ಅದನ್ನು ವಿದ್ಯುತ್ ಸಂಕೇತವನ್ನಾಗಿ ಪರಿವರ್ತಿಸುತ್ತದೆ. ಗಣಕಯಂತ್ರಕ್ಕೆ ಈ ಸಂಕೇತವನ್ನು ಅಂಕಿಗಳ ರೂಪದಲ್ಲಿ ನೀಡಬೇಕು. ಸಾಮಾನ್ಯ ಮೈಕಿನಲ್ಲಿ ಈ ಕೆಲಸವನ್ನು ಗಣಕಯಂತ್ರದ ಸೌಂಡ್ ಕಾರ್ಡ್ ಮಾಡುತ್ತದೆ. ಹಳೆಯ ಯಂತ್ರಗಳಲ್ಲಿ ಅದರೊಂದಿಗೆ ಗುಂಯ್‌ಗುಡುವ ಸದ್ದೂ ಸೇರಿಕೊಳ್ಳುತ್ತದೆ. ಯುಎಸ್‌ಬಿ ಮೈಕ್ರೋಫೋನಿನಲ್ಲಿ ಪರಿವರ್ತಕವು ಮೈಕಿನೊಳಗೇ ಇರುವುದರಿಂದ ಆ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ. ಬಹುತೇಕ ಯುಎಸ್‌ಬಿ ಮೈಕುಗಳಿಗೆ ಪ್ರತ್ಯೇಕ ತಂತ್ರಾಂಶ ಬೇಕಿಲ್ಲ; ಜೋಡಿಸಿದೊಡನೆ ವಿಂಡೋಸ್ ಮತ್ತು ಲಿನಕ್ಸ್ ವ್ಯವಸ್ಥೆಗಳು ಅವುಗಳನ್ನು ಗುರುತಿಸುತ್ತವೆ.

ಖರೀದಿಗೆ ಮುನ್ನ ಮೈಕು ಯಾವ ದಿಕ್ಕಿನ ಧ್ವನಿಯನ್ನು ಹಿಡಿಯುತ್ತದೆ ಎಂಬುದನ್ನು ವಿಚಾರಿಸತಕ್ಕದ್ದು. ‘ಕಾರ್ಡಿಯಾಯ್ಡ್’ ಮಾದರಿಯು ಮುಂಭಾಗದ ಧ್ವನಿಯನ್ನು ಹೆಚ್ಚಾಗಿಯೂ ಹಿಂಭಾಗದ ಧ್ವನಿಯನ್ನು ಬಹಳ ಕಡಿಮೆಯಾಗಿಯೂ ಸ್ವೀಕರಿಸುತ್ತದೆ. ಒಬ್ಬೊಬ್ಬರಾಗಿ ಮಾತನಾಡುವ ಸಭೆಗೆ ಇದು ಸೂಕ್ತ. ‘ಓಮ್ನಿ’ ಮಾದರಿಯು ಎಲ್ಲ ದಿಕ್ಕಿನ ಧ್ವನಿಯನ್ನೂ ಹಿಡಿಯುತ್ತದೆ. ಮೇಜಿನ ಸುತ್ತ ಕುಳಿತು ನಡೆಸುವ ಸ್ಥಾಯಿ ಸಮಿತಿಯ ಸಭೆಗೆ ಅನುಕೂಲ, ಗದ್ದಲದ ಸಭಾಂಗಣಕ್ಕೆ ಅಲ್ಲ.

3. ಜೋಡಣೆಯ ಹಂತಗಳು

(ಅ) ಸಾಧ್ಯವಾದಲ್ಲಿ ಬ್ಯಾಟರಿ ತುಂಬಿದ ಲ್ಯಾಪ್‌ಟಾಪನ್ನೇ ಬಳಸತಕ್ಕದ್ದು. ಡೆಸ್ಕ್‌ಟಾಪ್ ಆದಲ್ಲಿ ಯುಪಿಎಸ್ ಕಡ್ಡಾಯವಾಗಿ ಇರಬೇಕು. ಮುದ್ರಣದ ನಡುವೆ ವಿದ್ಯುತ್ ಹೋದರೆ ಅಷ್ಟು ಹೊತ್ತಿನ ಶ್ರಮ ವ್ಯರ್ಥವಾಗುವ ಸಂಭವವಿದೆ.

(ಆ) ಮೈಕಿನ ತಂತಿಯನ್ನು ನೇರವಾಗಿ ಗಣಕಯಂತ್ರದ ಯುಎಸ್‌ಬಿ ಕಿಂಡಿಗೆ ಜೋಡಿಸಬೇಕು. ಪ್ರಿಂಟರ್, ಬೆರಳಚ್ಚು ಯಂತ್ರ ಮೊದಲಾದವುಗಳನ್ನು ಜೋಡಿಸಿದ ಹಬ್‌ಗೆ ಸೇರಿಸಬಾರದು. ಸಾಮಾನ್ಯ ಯುಎಸ್‌ಬಿ 2.0 ತಂತಿಯ ಗರಿಷ್ಠ ಉದ್ದ 5 ಮೀಟರ್. ಅದಕ್ಕಿಂತ ಉದ್ದ ಮಾಡಿದರೆ ಮೈಕು ನಡುವೆ ಕಡಿತಗೊಳ್ಳಬಹುದು. ತಂತಿಯು ಜನರ ಕಾಲಿಗೆ ಸಿಲುಕದಂತೆ ನೆಲಕ್ಕೆ ಟೇಪ್ ಹಚ್ಚುವುದು ಒಳ್ಳೆಯದು.

(ಇ) ವಿಂಡೋಸ್ 11ರಲ್ಲಿ ‘ಸೆಟ್ಟಿಂಗ್ಸ್’, ‘ಸಿಸ್ಟಮ್’, ‘ಸೌಂಡ್’ ಎಂಬ ಕ್ರಮದಲ್ಲಿ ತೆರೆದು, ‘ಇನ್‌ಪುಟ್’ ಭಾಗದಲ್ಲಿ ಯುಎಸ್‌ಬಿ ಮೈಕನ್ನು ಆಯ್ಕೆ ಮಾಡಬೇಕು. ಲ್ಯಾಪ್‌ಟಾಪಿನೊಳಗಿನ ಮೈಕು ಹಾಗೂ ಕ್ಯಾಮೆರಾದ ಮೈಕೂ ಅದೇ ಪಟ್ಟಿಯಲ್ಲಿ ಇರುತ್ತವೆ. ಹೊರಗಿನ ಮೈಕನ್ನು ಜೋಡಿಸಿಯೂ ಒಳಗಿನ ಮೈಕಿನಿಂದಲೇ ಸಭೆಯನ್ನು ಮುದ್ರಿಸುವುದು ಸಾಮಾನ್ಯವಾಗಿ ಆಗುವ ತಪ್ಪು. ಇದನ್ನು ಪರೀಕ್ಷಿಸಲು ಮೈಕಿನ ಜಾಲರಿಯನ್ನು ಉಗುರಿನಿಂದ ಮೆಲ್ಲನೆ ಕೆರೆಯಬೇಕು. ಪರದೆಯ ಮೇಲಿನ ಮಾಪಕ ಒಡನೆ ಜಿಗಿದರೆ ಆಯ್ಕೆ ಸರಿಯಾಗಿದೆ.

(ಈ) ಮಾಪಕ ಅಲುಗಾಡದಿದ್ದಲ್ಲಿ ‘ಸೆಟ್ಟಿಂಗ್ಸ್’ನ ‘ಪ್ರೈವೆಸಿ ಅಂಡ್ ಸೆಕ್ಯೂರಿಟಿ’ ಭಾಗದಲ್ಲಿ ‘ಮೈಕ್ರೋಫೋನ್’ ತೆರೆದು ಅನುಮತಿಯನ್ನು ಚಾಲ್ತಿಗೊಳಿಸಬೇಕು. ಮೈಕಿನ ಮೇಲಿರುವ ಮ್ಯೂಟ್ ಗುಂಡಿಯನ್ನೂ ನೋಡಬೇಕು.

(ಉ) ಗಣಕಯಂತ್ರವು ನಿದ್ರಾಸ್ಥಿತಿಗೆ ಹೋಗದಂತೆ ‘ಪವರ್’ ಭಾಗದಲ್ಲಿ ‘ಸ್ಲೀಪ್’ ಅವಧಿಯನ್ನು ‘ನೆವರ್’ ಎಂದು ಬದಲಿಸಬೇಕು. ಸಭೆಯ ಅವಧಿಯಲ್ಲಿ ಅಪ್‌ಡೇಟ್‌ಗಳನ್ನು ತಡೆಹಿಡಿಯಬೇಕು.

4. ಮುದ್ರಣದ ತಂತ್ರಾಂಶ

ವಿಂಡೋಸ್‌ನೊಂದಿಗೇ ಬರುವ ‘ಸೌಂಡ್ ರೆಕಾರ್ಡರ್’ ಚಿಕ್ಕ ಸಭೆಗೆ ಸಾಕು. ದೀರ್ಘ ಸಭೆಗೆ ‘ಆಡಾಸಿಟಿ’ ಎಂಬ ಉಚಿತ ಮುಕ್ತ ತಂತ್ರಾಂಶ ಉತ್ತಮ. ಮೈಕನ್ನು ಜೋಡಿಸಿದ ನಂತರವೇ ಅದನ್ನು ತೆರೆಯಬೇಕು. ಮೊದಲೇ ತೆರೆದಿದ್ದಲ್ಲಿ ‘ಆಡಿಯೊ ಸೆಟಪ್’ನಲ್ಲಿ ‘ರೀಸ್ಕ್ಯಾನ್ ಆಡಿಯೊ ಡಿವೈಸಸ್’ ಒತ್ತಬೇಕು. ಅಲ್ಲಿಯೇ ಮುದ್ರಣದ ಸಾಧನವಾಗಿ ಯುಎಸ್‌ಬಿ ಮೈಕನ್ನೂ ಚಾನೆಲ್ ಸಂಖ್ಯೆಯಾಗಿ ‘ಮೋನೊ’ವನ್ನೂ ಆರಿಸಬೇಕು. ಮಾತಿನ ಮುದ್ರಣಕ್ಕೆ ಸ್ಟೀರಿಯೊ ಅನಗತ್ಯ. ಅದು ಕಡತದ ಗಾತ್ರವನ್ನು ಇಮ್ಮಡಿಗೊಳಿಸುತ್ತದೆ.

ಧ್ವನಿಯ ಮಟ್ಟವನ್ನು ಹೊಂದಿಸುವುದು ಬಹು ಮುಖ್ಯ. ಒಬ್ಬರು ಸಭೆಯಲ್ಲಿ ಮಾತನಾಡುವಷ್ಟೇ ಗಟ್ಟಿಯಾಗಿ ಮಾತನಾಡುತ್ತಿರುವಾಗ ಮಾಪಕದ ಶಿಖರವು ಮೈನಸ್ 12ರಿಂದ ಮೈನಸ್ 6 ಡೆಸಿಬೆಲ್ ನಡುವೆ ಇರಬೇಕು. ಸೊನ್ನೆಯನ್ನು ಮುಟ್ಟಿದರೆ ಧ್ವನಿ ಒಡೆಯುತ್ತದೆ. ಒಡೆದ ಧ್ವನಿಯನ್ನು ಮೊದಲಿನಂತೆ ಸರಿಪಡಿಸಲು ಆಗದು. ತೀರಾ ಕಡಿಮೆಯಿದ್ದರೆ ಅನಂತರ ಹಿಗ್ಗಿಸುವಾಗ ಫ್ಯಾನಿನ ಸದ್ದೂ ಹಿಗ್ಗುತ್ತದೆ. ಮೈಕಿನಲ್ಲಿ ‘ಗೇನ್’ ತಿರುಗುಣಿ ಇದ್ದಲ್ಲಿ ಮೊದಲು ಅದನ್ನೂ, ಬಳಿಕ ವಿಂಡೋಸ್‌ನ ‘ಇನ್‌ಪುಟ್ ವಾಲ್ಯೂಮ್’ ಅನ್ನೂ ಹೊಂದಿಸಬೇಕು.

‘ಆರ್’ ಕೀಲಿಯಿಂದ ಮುದ್ರಣ ಆರಂಭವಾಗುತ್ತದೆ. ಸ್ಪೇಸ್ ಕೀಲಿಯಿಂದ ನಿಲ್ಲುತ್ತದೆ. ಸಭೆಗೆ ಮುನ್ನ ಒಂದು ನಿಮಿಷ ಮುದ್ರಿಸಿ, ಹೆಡ್‌ಫೋನಿನಲ್ಲಿ ಆಲಿಸಿ ನೋಡತಕ್ಕದ್ದು. ಈ ಒಂದು ನಿಮಿಷವನ್ನು ಉಳಿಸಲು ಹೋಗಿ ಮೂರು ಗಂಟೆಯ ಸಭೆಯನ್ನು ಕಳೆದುಕೊಳ್ಳಬಾರದು.

5. ಮೈಕಿನ ಸ್ಥಾನ ಮತ್ತು ಸಭೆಯ ನ್ಯಾಯ

ಬಾಯಿಂದ ಮೈಕಿಗೆ ಸುಮಾರು ಒಂದು ಗೇಣು ಅಂತರವಿರಬೇಕು. ತೆರೆದ ಜಾಗದಲ್ಲಿ ಅಂತರವು ಎರಡು ಪಟ್ಟಾದರೆ ಧ್ವನಿಯ ತೀವ್ರತೆ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಎರಡು ಅಡಿ ದೂರದಲ್ಲಿ ಕುಳಿತ ಅಧ್ಯಕ್ಷರ ಮಾತಿಗೂ ಇಪ್ಪತ್ತು ಅಡಿ ದೂರದ ಕೊನೆಯ ಸಾಲಿನ ಮಾತಿಗೂ ಎಷ್ಟು ವ್ಯತ್ಯಾಸವಾದೀತೆಂಬುದನ್ನು ಈ ಲೆಕ್ಕದಿಂದಲೇ ಊಹಿಸಬಹುದು.

ಆದುದರಿಂದ ಮೈಕನ್ನು ಎಲ್ಲಿ ಇಡಲಾಗುತ್ತದೆ ಎಂಬುದು ಕೇವಲ ತಾಂತ್ರಿಕ ವಿಷಯವಲ್ಲ. ವೇದಿಕೆಯ ಮೇಜಿನ ಮೇಲೆ ಮಾತ್ರ ಮೈಕನ್ನಿಟ್ಟರೆ ವೇದಿಕೆಯ ಮೇಲಿರುವವರ ಮಾತು ಮಾತ್ರ ದಾಖಲಾಗುತ್ತದೆ. ಹಿಂದಿನ ಸಾಲಿನಲ್ಲಿ ನಿಂತು ಪಡಿತರ, ಕುಡಿಯುವ ನೀರು, ಉದ್ಯೋಗ ಖಾತರಿ ಕೂಲಿಯ ಕುರಿತು ಕೇಳಿದ ಮಹಿಳೆಯ ಪ್ರಶ್ನೆ ಗೊಣಗಾಟವಾಗಿ ಉಳಿಯುತ್ತದೆ. ಅದಕ್ಕೆ ಕೊಟ್ಟ ಉತ್ತರವಷ್ಟೇ ಸ್ಪಷ್ಟವಾಗಿ ಕೇಳುತ್ತದೆ. ಪ್ರಶ್ನೆಯಿಲ್ಲದ ಉತ್ತರಕ್ಕೆ ದಾಖಲೆಯಲ್ಲಿ ಅರ್ಥವಿಲ್ಲ.

ಇದಕ್ಕೆ ಪರಿಹಾರ ಸರಳವಾಗಿದೆ. ಜನರ ಸಾಲುಗಳ ಮುಂದೆ, ವೇದಿಕೆಯ ಕೆಳಗೆ, ಒಂದು ಸಣ್ಣ ಮೇಜಿನ ಮೇಲೆ ಮೈಕು ಹಾಗೂ ಲ್ಯಾಪ್‌ಟಾಪನ್ನು ಇಡಬೇಕು. ಪ್ರಶ್ನೆ ಕೇಳುವವರು ಒಬ್ಬೊಬ್ಬರಾಗಿ ಅಲ್ಲಿಗೆ ಬಂದು, ಹೆಸರು ಮತ್ತು ಬಡಾವಣೆ ತಿಳಿಸಿ ಮಾತನಾಡಬೇಕು. ವೃದ್ಧರು, ಅಂಗವಿಕಲರು ಮತ್ತು ಎದ್ದು ಬರಲು ಹಿಂಜರಿಯುವವರು ಕುಳಿತಲ್ಲಿಂದಲೇ ಮಾತನಾಡಿದಲ್ಲಿ ಸದಸ್ಯರೊಬ್ಬರು ಆ ಮಾತನ್ನು ಮೈಕಿನ ಮುಂದೆ ಪುನರುಚ್ಚರಿಸಿ, ‘ಇದು ಸರಿಯೇ?’ ಎಂದು ಅವರಿಂದಲೇ ದೃಢಪಡಿಸಿಕೊಳ್ಳತಕ್ಕದ್ದು. ವೇದಿಕೆಯಿಂದ ಉತ್ತರಿಸುವವರು ಧ್ವನಿವರ್ಧಕದಲ್ಲಿ ಮಾತನಾಡುವುದರಿಂದ ಅವರ ಮಾತು ಹೇಗೂ ಮುದ್ರಣವಾಗುತ್ತದೆ. ಮೈಕು ಮಾತ್ರ ಧ್ವನಿವರ್ಧಕದ ಪೆಟ್ಟಿಗೆಗೆ ತೀರ ಹತ್ತಿರ ಇರಬಾರದು. ಫ್ಯಾನಿನ ನೇರ ಗಾಳಿಯನ್ನೂ ತಪ್ಪಿಸಬೇಕು. ಮೈಕಿನ ಕೆಳಗೆ ಮಡಚಿದ ಟವಲನ್ನು ಇಟ್ಟರೆ ಮೇಜು ತಟ್ಟಿದ ಸದ್ದು ಕಡಿಮೆಯಾಗುತ್ತದೆ.

6. ಆರಂಭದ ಘೋಷಣೆ

ಮುದ್ರಣ ಆರಂಭವಾದೊಡನೆ ಗ್ರಾಮ, ಪಂಚಾಯಿತಿ, ಹೋಬಳಿ, ತಾಲ್ಲೂಕು, ದಿನಾಂಕ ಹಾಗೂ ಸಮಯವನ್ನು ಗಟ್ಟಿಯಾಗಿ ಹೇಳಬೇಕು. ಗ್ರಾಮದ ಹೆಸರೊಂದೇ ಸಾಲದು. ಬೆಂಗಳೂರಿನಲ್ಲಿಯೇ ಜೆ.ಪಿ. ನಗರದ ಬಳಿ ಒಂದು, ಯಲಹಂಕದ ಬಳಿ ಇನ್ನೊಂದು ಪುಟ್ಟೇನಹಳ್ಳಿ ಇದೆ. ಎರಡರಲ್ಲೂ ಕೆರೆ ಇದೆ. ‘ಪುಟ್ಟೇನಹಳ್ಳಿ ಕೆರೆಯ ಒತ್ತುವರಿ’ ಎಂಬ ಮಾತನ್ನು ಹತ್ತು ವರ್ಷಗಳ ನಂತರ ಕೇಳಿದವರಿಗೆ ಯಾವ ಕೆರೆ ಎಂಬುದು ತಿಳಿಯುವುದು ಈ ಘೋಷಣೆಯಿಂದ ಮಾತ್ರ.

ಸಭೆಯನ್ನು ಮುದ್ರಿಸಲಾಗುತ್ತಿದೆ ಎಂಬುದನ್ನೂ ಆಗಲೇ ತಿಳಿಸತಕ್ಕದ್ದು. ಯಾರದಾದರೂ ಕಾಯಿಲೆ, ಕುಟುಂಬದೊಳಗಿನ ದೌರ್ಜನ್ಯ, ಮಕ್ಕಳ ಗ್ರಾಮ ಸಭೆಯಲ್ಲಿ ಮಗುವೊಂದು ತನ್ನ ಸಂಕಟವನ್ನು ಹೇಳಿಕೊಳ್ಳುವ ಸಂದರ್ಭ ಮುಂತಾದವು ಬಂದಾಗ ಮುದ್ರಣವನ್ನು ತಡೆಹಿಡಿದು, ತಡೆಹಿಡಿದ ಮತ್ತು ಮುಂದುವರಿಸಿದ ಸಮಯವನ್ನು ನಡವಳಿಯಲ್ಲಿ ನಮೂದಿಸಬೇಕು.

7. ಉಳಿಸುವಿಕೆ ಮತ್ತು ರಕ್ಷಣೆ

ಆಡಾಸಿಟಿಯಲ್ಲಿ ‘ಸೇವ್’ ಮಾಡಿದರೆ ದೊರೆಯುವುದು ಆ ತಂತ್ರಾಂಶದಲ್ಲಿ ಮಾತ್ರ ತೆರೆಯುವ ಕಡತ. ‘ಎಕ್ಸ್‌ಪೋರ್ಟ್’ ಮೂಲಕ ‘ವೇವ್’ ಮಾದರಿಯ ಮೂಲ ಪ್ರತಿಯನ್ನೂ ಹಂಚಿಕೆಗಾಗಿ ‘ಎಂಪಿ3’ ಪ್ರತಿಯನ್ನೂ ಪಡೆಯಬೇಕು. 44,100 ಹರ್ಟ್ಸ್, 16 ಬಿಟ್, ಮೋನೊ ವೇವ್ ಕಡತಕ್ಕೆ ಗಂಟೆಗೆ ಸುಮಾರು 318 ಎಂಬಿ ಬೇಕಾಗುತ್ತದೆ; ಮೂರು ಗಂಟೆಯ ಸಭೆಗೆ ಒಂದು ಜಿಬಿಗಿಂತ ತುಸು ಕಡಿಮೆ. 64 ಕೆಬಿಪಿಎಸ್ ಎಂಪಿ3ಗೆ ಗಂಟೆಗೆ ಸುಮಾರು 29 ಎಂಬಿ ಸಾಕು.

ಕಡತದ ಹೆಸರಿನಲ್ಲಿ ವರ್ಷ, ತಿಂಗಳು, ದಿನ ಎಂಬ ಕ್ರಮವಿದ್ದರೆ ಕಡತಗಳು ತಾವಾಗಿಯೇ ಕಾಲಾನುಕ್ರಮದಲ್ಲಿ ನಿಲ್ಲುತ್ತವೆ. ಮೂಲ ಪ್ರತಿಯನ್ನು ಕತ್ತರಿಸುವುದಾಗಲಿ ತಿದ್ದುವುದಾಗಲಿ ಕೂಡದು. ಒಂದು ಪ್ರತಿ ಪಂಚಾಯಿತಿ ಗಣಕಯಂತ್ರದಲ್ಲಿ, ಇನ್ನೊಂದು ಕಪಾಟಿನಲ್ಲಿಟ್ಟ ಹಾರ್ಡ್ ಡಿಸ್ಕ್‌ನಲ್ಲಿ ಇರಬೇಕು. ಪೆನ್‌ಡ್ರೈವ್ ಒಂದನ್ನೇ ನಂಬಬಾರದು.

ಮಾಹಿತಿ ಹಕ್ಕು ಅಧಿನಿಯಮ, 2005ರ ಅರ್ಥದಲ್ಲಿ ವಿದ್ಯುನ್ಮಾನ ರೂಪದ ಸಾಮಗ್ರಿಯೂ ಮಾಹಿತಿಯೇ ಆಗಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 63ನೇ ಪ್ರಕರಣವು ವಿದ್ಯುನ್ಮಾನ ದಾಖಲೆಗಳನ್ನು ಸಾಕ್ಷ್ಯವಾಗಿ ಹಾಜರುಪಡಿಸುವ ಬಗೆಯನ್ನು ತಿಳಿಸುತ್ತದೆ. ಅದರ ಪ್ರಮಾಣಪತ್ರದಲ್ಲಿ ಕಡತದ ‘ಹ್ಯಾಶ್’ ಮೌಲ್ಯವನ್ನೂ ನಮೂದಿಸಬೇಕಾಗುತ್ತದೆ. ಕಡತದಲ್ಲಿ ಒಂದು ಅಂಶ ಬದಲಾದರೂ ಈ ಮೌಲ್ಯ ಬದಲಾಗುತ್ತದೆ. ಮೂಲ ಪ್ರತಿಯನ್ನು ಮುಟ್ಟಬಾರದೆಂಬುದಕ್ಕೆ ಇದೂ ಒಂದು ಕಾರಣ.

8. ಸಾಮಾನ್ಯ ತೊಂದರೆಗಳು

ಮುದ್ರಣವಾಗಿದೆ, ಆದರೆ ಕೇಳಿಸುತ್ತಿಲ್ಲ: ಹೆಡ್‌ಫೋನ್ ಕಿಂಡಿಯುಳ್ಳ ಯುಎಸ್‌ಬಿ ಮೈಕನ್ನು ಜೋಡಿಸಿದಾಗ ಗಣಕಯಂತ್ರವು ಧ್ವನಿಯನ್ನು ಆ ಕಿಂಡಿಗೇ ಕಳುಹಿಸಬಹುದು. ‘ಔಟ್‌ಪುಟ್’ ಭಾಗದಲ್ಲಿ ಗಣಕಯಂತ್ರದ ಸ್ಪೀಕರನ್ನು ಆರಿಸಬೇಕು. ಮುದ್ರಣವಾಗಿಲ್ಲವೆಂದು ಭಾವಿಸಿ ಕಡತವನ್ನು ಅಳಿಸಬಾರದು.

ಕೀರಲು ಸದ್ದು ಬರುತ್ತಿದೆ: ಗಣಕಯಂತ್ರದ ಸ್ಪೀಕರಿನ ಧ್ವನಿ ಮರಳಿ ಮೈಕನ್ನು ಸೇರುತ್ತಿದೆ. ಸ್ಪೀಕರನ್ನು ಮ್ಯೂಟ್ ಮಾಡಿ ಹೆಡ್‌ಫೋನ್ ಬಳಸಬೇಕು.

ಧ್ವನಿ ದೂರದಿಂದ ಬಂದಂತಿದೆ: ಒಳಗಿನ ಮೈಕು ಆಯ್ಕೆಯಾಗಿರಬಹುದು, ಇಲ್ಲವೇ ಮೈಕಿನ ಹಿಂಭಾಗ ಮಾತನಾಡುವವರ ಕಡೆಗಿರಬಹುದು. ಕೆಲವು ಮೈಕುಗಳಲ್ಲಿ ತುದಿಯ ಕಡೆಗಲ್ಲ, ಪಕ್ಕಕ್ಕೆ ಮುಖಮಾಡಿ ಮಾತನಾಡಬೇಕು.

ನಡುವೆ ನಿಂತುಹೋಗಿದೆ: ತಂತಿ ಸಡಿಲವಾಗಿರಬಹುದು. ಮುನ್ನೆಚ್ಚರಿಕೆಯಾಗಿ ಒಂದು ಮೊಬೈಲನ್ನು ಏರೋಪ್ಲೇನ್ ಮೋಡ್‌ನಲ್ಲಿಟ್ಟು ಜೊತೆಯಲ್ಲಿಯೇ ಮುದ್ರಿಸುವುದು ಸೂಕ್ತ.

9. ಅಭ್ಯಾಸ

ಮುಂದಿನ ಸಾಮಾನ್ಯ ಸಭೆಗೆ ಮುನ್ನ ಸದಸ್ಯರು ಗ್ರಾಮದ ಹಿರಿಯರೊಬ್ಬರನ್ನು ಪಂಚಾಯಿತಿ ಕಚೇರಿಗೋ ಅರಿವು ಕೇಂದ್ರಕ್ಕೋ ಆಹ್ವಾನಿಸಿ, ಅವರ ಒಪ್ಪಿಗೆ ಪಡೆದು, ಊರಿನ ಕೆರೆ, ಕಾಲುವೆ ಮತ್ತು ಗೋಮಾಳದ ಬಗ್ಗೆ ಹತ್ತು ನಿಮಿಷ ಮಾತನಾಡಿಸಿ ಮುದ್ರಿಸಬಹುದು. ಮುದ್ರಣವನ್ನು ಅವರಿಗೇ ಮೊದಲು ಕೇಳಿಸಿ, ಪ್ರತಿ ಪದವೂ ಸ್ಪಷ್ಟವಾಗಿದೆಯೇ ಎಂದು ಪರಿಶೀಲಿಸಬೇಕು. ಹತ್ತು ನಿಮಿಷವನ್ನು ಸರಿಯಾಗಿ ಮುದ್ರಿಸಲು ಕಲಿತ ತಂಡವು ಗ್ರಾಮ ಸಭೆಯನ್ನೂ ಸರಿಯಾಗಿ ಮುದ್ರಿಸಬಲ್ಲದು. ಆ ಹತ್ತು ನಿಮಿಷದ ಮಾತು ಊರಿನ ಆಸ್ತಿಯಾಗಿ ಉಳಿಯುತ್ತದೆ.