ಇಂಜಿನ್‌ನ ದಮ್ ಎಲ್ಲಿ ಸೋರುತ್ತಿದೆ?

ವಾಣಿಜ್ಯ ವಿಭಾಗದವನಿಗೆ ಇಂಜಿನ್ ಸುದ್ದಿ ಯಾಕೆ ಎಂದು ಗೆಳೆಯರು ಕೇಳಿದರು. ರಿಪೇರಿಯ ಬಿಲ್ ಕಟ್ಟುವವರು ನಮ್ಮ ಮನೆಯವರೇ ತಾನೆ? ಯಾವ ಖರ್ಚು ಬೇಕು, ಯಾವುದು ಬೇಡ ಎಂದು ತಿಳಿಯುವುದು ನಮ್ಮ ಪಾಠವೂ ಹೌದು. ಅದಕ್ಕೆ ನೆರವಾಗುವ ಒಂದು ಸಣ್ಣ ಉಪಕರಣ ಲೀಕ್‌ಡೌನ್ ಟೆಸ್ಟರ್. ಅದರ ಬಳಕೆಯನ್ನು ರಜೆಯಲ್ಲಿ ಮಾಮುವಿನ ಗ್ಯಾರೇಜಿನಲ್ಲಿ ಕಲಿತೆ.

ಎಳೆಯುವ ಶಕ್ತಿ ಕಡಿಮೆಯಾದ ಗಾಡಿಗೆ ‘ದಮ್ ಇಲ್ಲ’ ಎನ್ನುತ್ತಾರೆ. ನಮ್ಮ ಮನೆಯ ಉರ್ದುವಿನಲ್ಲಿ ದಮ್ ಎಂದರೆ ಉಸಿರು. ಇಂಜಿನ್ ಕೆಲಸ ಮಾಡುವುದು ಸಿಲಿಂಡರ್ ಒಳಗಿನ ಒತ್ತಡದಿಂದ. ಆ ಒತ್ತಡ ಸೋರದಂತೆ ಮುಖ್ಯವಾಗಿ ಮೂರು ಭಾಗಗಳು ಕಾಯುತ್ತವೆ: ಪಿಸ್ಟನ್ ರಿಂಗ್‌ಗಳು, ವಾಲ್ವ್‌ಗಳು ಮತ್ತು ಹೆಡ್ ಗ್ಯಾಸ್ಕೆಟ್.

ಸಾಮಾನ್ಯವಾಗಿ ಮೊದಲು ಮಾಡುವುದು ಕಂಪ್ರೆಷನ್ ಪರೀಕ್ಷೆ. ಅದು ಯಾವ ಸಿಲಿಂಡರ್ ದುರ್ಬಲ ಎಂದು ಹೇಳುತ್ತದೆ. ಆದರೆ ಕಾರಣವನ್ನು ಹೇಳುವುದಿಲ್ಲ. ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದಿದ್ದರೆ ಎಲ್ಲೋ ತಪ್ಪಿದೆ ಎಂದು ಗೊತ್ತಾಗುತ್ತದೆ, ಯಾವ ಖಾತೆಯಲ್ಲಿ ಎಂದು ಹುಡುಕಬೇಕಾಗುತ್ತದೆ. ಆ ಹುಡುಕಾಟವೇ ಲೀಕ್‌ಡೌನ್ ಪರೀಕ್ಷೆ.

ಟೆಸ್ಟರ್‌ನಲ್ಲಿ ಒಂದು ರೆಗ್ಯುಲೇಟರ್, ಎರಡು ಗೇಜ್, ಅವುಗಳ ನಡುವೆ ಸಣ್ಣ ರಂಧ್ರ ಇರುತ್ತವೆ. ಕಂಪ್ರೆಸರ್‌ನಿಂದ ಬರುವ ಗಾಳಿಯನ್ನು ಮೊದಲ ಗೇಜ್ ತೋರಿಸುತ್ತದೆ. ಸಿಲಿಂಡರ್ ಹಿಡಿದಿಟ್ಟುಕೊಂಡದ್ದನ್ನು ಎರಡನೆಯದು ತೋರಿಸುತ್ತದೆ. ಮೊದಲನೆಯದನ್ನು 100 ಪಿಎಸ್‌ಐಗೆ ಇಟ್ಟರೆ ಲೆಕ್ಕ ಸುಲಭ: ಎರಡನೆಯದು 90 ತೋರಿಸಿದರೆ ಸೋರಿಕೆ ಶೇಕಡ 10.

ಮಾಡುವ ವಿಧಾನ ಹೀಗಿದೆ:

1. ಇಂಜಿನ್ ಸ್ವಲ್ಪ ಹೊತ್ತು ಓಡಿಸಿ ಬೆಚ್ಚಗಾದ ಮೇಲೆ ನಿಲ್ಲಿಸಿ ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಬೇಕು.

2. ಪ್ಲಗ್ ತೂತಿಗೆ ಬೆರಳಿಟ್ಟು ಪಾನಾದಿಂದ ಕ್ರ್ಯಾಂಕ್ ತಿರುಗಿಸಬೇಕು. ಗಾಳಿ ಬೆರಳನ್ನು ತಳ್ಳಿದರೆ ಅದು ಕಂಪ್ರೆಷನ್ ಸ್ಟ್ರೋಕ್. ಪಿಸ್ಟನ್ ತೀರಾ ಮೇಲೆ ಬಂದಾಗ ನಿಲ್ಲಿಸಬೇಕು. ಆಗ ಎರಡೂ ಬಗೆಯ ವಾಲ್ವ್‌ಗಳು ಮುಚ್ಚಿರುತ್ತವೆ.

3. ಪಾನಾವನ್ನು ತಪ್ಪದೆ ತೆಗೆದಿಡಬೇಕು. ಪಿಸ್ಟನ್ ಸ್ವಲ್ಪ ಆಚೀಚೆ ಇದ್ದರೂ ಗಾಳಿಯ ಒತ್ತಡಕ್ಕೆ ಕ್ರ್ಯಾಂಕ್ ಗಿರ್ರನೆ ತಿರುಗುತ್ತದೆ. ಪಾನಾ ಅಲ್ಲೇ ಇದ್ದರೆ ಕೈ ಮುರಿಯಬಹುದು.

4. ಟೆಸ್ಟರ್ ಜೋಡಿಸಿ, ಗಾಳಿಯನ್ನು ನಿಧಾನವಾಗಿ ಬಿಟ್ಟು, ಅಂಕಿ ಬರೆದುಕೊಂಡು, ಕಿವಿಗೊಟ್ಟು ಕೇಳಬೇಕು.

ಎಷ್ಟು ಸೋರುತ್ತಿದೆ ಎಂದು ಗೇಜ್ ಹೇಳಿದರೆ, ಎಲ್ಲಿಂದ ಎಂದು ಕಿವಿ ಹೇಳುತ್ತದೆ. ಏರ್ ಫಿಲ್ಟರ್ ಕಡೆ ‘ಸುಯ್’ ಎಂದರೆ ಇನ್‌ಟೇಕ್ ವಾಲ್ವ್. ಸೈಲೆನ್ಸರ್ ಬಾಯಲ್ಲಿ ಕೇಳಿದರೆ ಎಕ್ಸಾಸ್ಟ್ ವಾಲ್ವ್. ಆಯಿಲ್ ಹಾಕುವ ಮುಚ್ಚಳ ತೆಗೆದಾಗ ಜೋರಾಗಿ ಬಂದರೆ ರಿಂಗ್ ಅಥವಾ ಸಿಲಿಂಡರ್ ಗೋಡೆಯ ಸವೆತ. ಪಕ್ಕದ ಪ್ಲಗ್ ತೂತಿನಿಂದ ಗಾಳಿ ಬಂದರೆ, ಅಥವಾ ರೇಡಿಯೇಟರ್ ನೀರಿನಲ್ಲಿ ಗುಳ್ಳೆ ಎದ್ದರೆ, ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಬೇಕು. ಆದರೆ ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆರೆಯಲೇಬಾರದು. ಗುಳ್ಳೆ ನೋಡುವುದು ತಣಿದ ಮೇಲೆ.

ಇದರ ಬೆಲೆ ನಮಗೆ ತಿಳಿದದ್ದು ಅಬ್ಬಾರ ಹಳೆಯ ಪೆಟ್ರೋಲ್ ವ್ಯಾನಿನಿಂದ. ಅಂಗಡಿಗಳಿಗೆ ಬ್ರೆಡ್, ಬನ್ ಮುಟ್ಟಿಸುವುದು ಅದರಲ್ಲೇ. ವ್ಯಾನ್ ನಿಂತರೆ ಮನೆಯ ಸಂಪಾದನೆಯೂ ನಿಲ್ಲುತ್ತದೆ. ಏರು ಹತ್ತಲು ಅದು ತಿಣುಕತೊಡಗಿದಾಗ ಒಬ್ಬ ಮೆಕ್ಯಾನಿಕ್ ಪರೀಕ್ಷಿಸದೆಯೇ ‘ಬೋರ್ ಮಾಡಿಸಿ, ಪೂರ್ತಿ ಇಂಜಿನ್ ಕೆಲಸ ಇದೆ’ ಎಂದರು. ಅಬ್ಬಾ ಸಾಲ ಕೇಳಲು ಹೊರಟಿದ್ದರು. ‘ಭಾಯ್, ಮೊದಲು ಗಾಳಿ ಹಾಕಿ ನೋಡೋಣ, ದುಡ್ಡಿನ ಮಾತು ಆಮೇಲೆ’ ಎಂದು ಮಾಮು ತಡೆದರು. 100ಕ್ಕೆ ಮೊದಲ ಸಿಲಿಂಡರ್ 92 ಹಿಡಿಯಿತು, ಮೂರನೆಯದು 90. ಎರಡನೆಯದು ಮಾತ್ರ 62. ಸದ್ದು ಬಂದದ್ದು ಸೈಲೆನ್ಸರ್‌ನಲ್ಲಿ. ಆಯಿಲ್ ಮುಚ್ಚಳದ ಬಳಿ ಮೂರಕ್ಕೂ ಒಂದೇ ತರಹದ ಸಣ್ಣ ಸದ್ದು. ಅಂದರೆ ರಿಂಗ್‌ಗಳು ಚೆನ್ನಾಗಿದ್ದವು, ಒಂದು ಎಕ್ಸಾಸ್ಟ್ ವಾಲ್ವ್ ಸರಿಯಾಗಿ ಕೂರುತ್ತಿರಲಿಲ್ಲ. ಹೆಡ್ ಇಳಿಸಿ, ವಾಲ್ವ್ ಬದಲಿಸಿ, ಸೀಟ್ ಉಜ್ಜಿಸಿದರೆ ಸಾಕಾಯಿತು. ಸಾಲ ಮಾಡಬೇಕಾಗಲಿಲ್ಲ.

ಅಂಕಿಗಳನ್ನು ಓದುವಾಗ ಎರಡು ವಿಷಯ ನೆನಪಿರಲಿ. ರಿಂಗ್‌ಗಳ ತುದಿಗಳ ನಡುವೆ ಸಣ್ಣ ಸಂದು ಇರುವುದರಿಂದ ಒಳ್ಳೆಯ ಇಂಜಿನ್ನೂ ಸ್ವಲ್ಪ ಸೋರುತ್ತದೆ. ಶೇಕಡ 10ರೊಳಗೆ ಇದ್ದರೆ ಚೆನ್ನಾಗಿದೆ, 20 ದಾಟಿದರೆ ಕಾರಣ ಹುಡುಕಬೇಕು ಎನ್ನುವುದು ಗ್ಯಾರೇಜಿನ ಲೆಕ್ಕ. ಟೆಸ್ಟರ್‌ನ ರಂಧ್ರದ ಅಳತೆ ಬದಲಾದರೆ ಅಂಕಿಯೂ ಬದಲಾಗುತ್ತದೆ. ಆದ್ದರಿಂದ ಒಂದೇ ಟೆಸ್ಟರ್‌ನಲ್ಲಿ ಸಿಲಿಂಡರ್‌ಗಳನ್ನು ಒಂದಕ್ಕೊಂದು ಹೋಲಿಸುವುದು ಹೆಚ್ಚು ನಂಬಿಕೆಯ ದಾರಿ. ಸಣ್ಣ ಪಿಸ್ಟನ್ ವಿಮಾನಗಳಲ್ಲೂ ಇದೇ ತತ್ವದ ಪರೀಕ್ಷೆ ಉಂಟು. ಅಲ್ಲಿ ಸಾಮಾನ್ಯವಾಗಿ 80 ಪಿಎಸ್‌ಐ ಗಾಳಿ ಕೊಟ್ಟು, ಫಲಿತಾಂಶವನ್ನು 72/80 ಎಂಬಂತೆ ಬರೆದಿಡುತ್ತಾರೆ.

ನಿಮ್ಮ ಮನೆಯ ಗಾಡಿಗೆ ಯಾರಾದರೂ ‘ಇಂಜಿನ್ ಬಿಚ್ಚಬೇಕು’ ಎಂದರೆ ಮೂರು ಪ್ರಶ್ನೆ ಕೇಳಿ: ಯಾವ ಸಿಲಿಂಡರ್? ಎಷ್ಟು ಸೋರಿಕೆ? ಸದ್ದು ಎಲ್ಲಿಂದ? ಉತ್ತರ ಸಿಕ್ಕ ಮೇಲೆ ಅಂದಾಜು ವೆಚ್ಚ ಬರೆಸಿಕೊಳ್ಳಿ.