ಪಂದ್ಯ ನೋಡುವವರ ಹೃದಯ

ಓಡುವವರು ಆಟಗಾರರು, ನೋಡುವವರಿಗೇನು ಶ್ರಮ ಎಂದು ನಾವು ಅಂದುಕೊಳ್ಳುತ್ತೇವೆ. ಆದರೆ ಕೊನೆಯ ಓವರಿನಲ್ಲಿ ನಿಮ್ಮ ನಾಡಿ ಹಿಡಿದು ನೋಡಿ. ಕೂತಲ್ಲೇ ಅದು ಜೋರಾಗಿ ಬಡಿಯುತ್ತಿರುತ್ತದೆ. ಆರೋಗ್ಯವಂತರಿಗೆ ಇದರಿಂದ ಸಾಮಾನ್ಯವಾಗಿ ತೊಂದರೆಯಿಲ್ಲ. ಹೃದ್ರೋಗ ಇರುವವರ ವಿಷಯ ಬೇರೆ.

2006ರಲ್ಲಿ ಜರ್ಮನಿಯಲ್ಲಿ ಫುಟ್‌ಬಾಲ್ ವಿಶ್ವಕಪ್ ನಡೆಯಿತು. ಆ ದಿನಗಳಲ್ಲಿ ಮ್ಯೂನಿಕ್ ನಗರ ಮತ್ತು ಅದರ ಸುತ್ತಮುತ್ತ ಹೃದಯದ ತುರ್ತು ತೊಂದರೆಗೆ ಚಿಕಿತ್ಸೆ ಪಡೆದವರ ದಾಖಲೆಗಳನ್ನು ಅಲ್ಲಿನ ವೈದ್ಯರು ಅಧ್ಯಯನ ಮಾಡಿ, 2008ರಲ್ಲಿ ಪ್ರಕಟಿಸಿದರು. ಜರ್ಮನಿ ತಂಡ ಆಡಿದ ದಿನಗಳಲ್ಲಿ ಇಂಥ ಪ್ರಕರಣಗಳು ಬೇರೆ ದಿನಗಳಿಗಿಂತ ಸುಮಾರು 2.7 ಪಟ್ಟು ಇದ್ದವು. ಮೊದಲೇ ಹೃದಯದ ರಕ್ತನಾಳದ ಕಾಯಿಲೆ ಇದ್ದವರಲ್ಲಿ ಇದು ಸುಮಾರು 4 ಪಟ್ಟು. ಪಂದ್ಯ ಶುರುವಾದ ಮೊದಲ 2 ಗಂಟೆಗಳಲ್ಲೇ ಹೆಚ್ಚು ಜನರಿಗೆ ತೊಂದರೆಯಾಗಿತ್ತು.

ತಂಡ ಸೋತಿದ್ದಕ್ಕೆ ಹೀಗಾಯಿತೇ? ಅದೂ ಇಲ್ಲ. ಅರ್ಜೆಂಟೀನಾ ವಿರುದ್ಧದ ಕ್ವಾರ್ಟರ್ ಫೈನಲ್ ಪೆನಾಲ್ಟಿವರೆಗೆ ಹೋಯಿತು, ಜರ್ಮನಿ ಗೆದ್ದಿತು. ಆದರೂ ಆ ದಿನ ಪ್ರಕರಣಗಳು ಬಹಳ ಏರಿದವು. ಫಲಿತಾಂಶಕ್ಕಿಂತ ಪಂದ್ಯದ ಉದ್ವೇಗವೇ ಮುಖ್ಯ ಎಂದು ವೈದ್ಯರು ಹೇಳಿದರು. ಇಟಲಿಯಲ್ಲಿ ನಡೆದ ಇನ್ನೊಂದು ಅಧ್ಯಯನದಲ್ಲಿ ಮಾತ್ರ ಇಂಥ ಏರಿಕೆ ಕಾಣಲಿಲ್ಲ. ಹಾಗಾಗಿ ಎಲ್ಲ ಕಡೆ ಹೀಗೇ ಆಗುತ್ತದೆ ಎನ್ನಲಾಗದು.

ಕಾರಣವನ್ನು ಓದುವಾಗ ನನಗೆ ನಮ್ಮ ಅರ್ಥಶಾಸ್ತ್ರದ ಬೇಡಿಕೆ-ಪೂರೈಕೆ ಪಾಠವೇ ನೆನಪಾಯಿತು. ಉದ್ವೇಗವಾದಾಗ ದೇಹದಲ್ಲಿ ಅಡ್ರಿನಲಿನ್ ಹೆಚ್ಚುತ್ತದೆ. ಹೃದಯ ವೇಗವಾಗಿ ಬಡಿಯುತ್ತದೆ, ರಕ್ತದೊತ್ತಡ ಏರುತ್ತದೆ, ಹೃದಯದ ಸ್ನಾಯುವಿಗೆ ಹೆಚ್ಚು ಆಮ್ಲಜನಕ ಬೇಕಾಗುತ್ತದೆ. ರಕ್ತನಾಳ ಕಿರಿದಾಗಿದ್ದರೆ ಅಷ್ಟು ಪೂರೈಕೆ ಆಗುವುದಿಲ್ಲ, ಎದೆನೋವು ಬರುತ್ತದೆ. ಕೆಲವೊಮ್ಮೆ ನಾಳದ ಒಳಗೋಡೆಯ ಕೊಬ್ಬಿನ ಪದರ ಒಡೆದು, ಅಲ್ಲಿ ರಕ್ತ ಹೆಪ್ಪುಗಟ್ಟಿ ಹೃದಯಾಘಾತವೇ ಆಗಬಹುದು. ನಿದ್ದೆಗೆಟ್ಟು ನೋಡುವುದು, ಸಿಗರೇಟು, ಹೊಟ್ಟೆ ಬಿರಿಯುವಷ್ಟು ಊಟ ಇವೂ ಸೇರಿದರೆ ಹೊರೆ ಇನ್ನೂ ಹೆಚ್ಚು.

ಸ್ಟೆಂಟ್ ಹಾಕಿಸಿಕೊಂಡ ದಾದಾ, ಅಜ್ಜ, ಮಾವ ನಮ್ಮಲ್ಲಿ ಅನೇಕರ ಮನೆಯಲ್ಲಿದ್ದಾರೆ. ಅವರಿಗೆ ಕ್ರಿಕೆಟ್ ನೋಡಬೇಡಿ ಎಂದರೆ ಕೇಳುವವರೂ ಅಲ್ಲ, ಹಾಗೆ ಹೇಳಬೇಕಾಗಿಯೂ ಇಲ್ಲ. ಪಂದ್ಯದ ಗಲಾಟೆಯಲ್ಲಿ ರಾತ್ರಿಯ ಮಾತ್ರೆ ಮರೆಯದಂತೆ ನೋಡಿಕೊಳ್ಳಿ. ಅವರನ್ನು ಒಂಟಿಯಾಗಿ ಬಿಡಬೇಡಿ. ಎದೆ ಬಿಗಿತ, ತಣ್ಣನೆಯ ಬೆವರು, ಎಡಗೈ ಅಥವಾ ದವಡೆಗೆ ಹರಡುವ ನೋವು, ಉಸಿರಾಟದ ಕಷ್ಟ ಕಂಡರೆ ಗ್ಯಾಸ್ಟ್ರಿಕ್ ಇರಬೇಕು, ಇದೊಂದು ಓವರ್ ಮುಗಿಯಲಿ ಎಂದು ಕಾಯದೆ ಕೂಡಲೇ 108ಕ್ಕೆ ಕರೆ ಮಾಡಿ.