ಹೆರಿಗೆಯಲ್ಲಿ ಸೊಂಟದ ಕೀಲು ಬಿಟ್ಟರೆ ಆಪರೇಷನ್ ಬೇಕೆ?

ಪ್ರಶ್ನೆ: ನನ್ನ ತಂಗಿಗೆ ನಾರ್ಮಲ್ ಹೆರಿಗೆಯಾಗಿ ಎಂಟು ದಿನ. ಮಗ್ಗುಲು ಬದಲಿಸಲೂ ಆಗದಷ್ಟು ನೋವು. ಎಕ್ಸ್‌ರೇ ನೋಡಿದ ವೈದ್ಯರು ‘ಸೊಂಟದ ಮುಂದಿನ ಕೀಲು 18 ಮಿ.ಮೀ. ಬಿಟ್ಟಿದೆ’ ಎಂದರು. ಆಪರೇಷನ್ ಬೇಕೆ? ಮುಂದಿನ ಹೆರಿಗೆ ಸಿಸೇರಿಯನ್ನೇ ಆಗಬೇಕೆ?

ಉತ್ತರ: ಎರಡೂ ಬೇಕಾಗದಿರುವ ಸಾಧ್ಯತೆಯೇ ಹೆಚ್ಚು. ಸೊಂಟದ ಎಡಬಲ ಮೂಳೆಗಳು ಕಿಬ್ಬೊಟ್ಟೆಯ ಕೆಳಗೆ ಕೂಡುವ ಕಡೆ ಪ್ಯೂಬಿಕ್ ಸಿಂಫಿಸಿಸ್ ಎಂಬ ಕೀಲಿದೆ. ಅಲ್ಲಿನ ಸಂದು ಸಾಮಾನ್ಯವಾಗಿ 4–5 ಮಿ.ಮೀ. ಬಸಿರಿನಲ್ಲಿ ಇನ್ನೂ 2–3 ಮಿ.ಮೀ. ಸಡಿಲವಾಗುವುದು ಸಹಜ. 10 ಮಿ.ಮೀ. ದಾಟಿ, ನೋವೂ ಇದ್ದರೆ ಕೀಲು ಬಿಟ್ಟಿದೆ ಎನ್ನುತ್ತಾರೆ. ಮಗು ದಪ್ಪವಿದ್ದಾಗ, ಹೆರಿಗೆ ಬಿರುಸಾದಾಗ, ತೊಡೆಗಳನ್ನು ಬಲವಂತವಾಗಿ ಅಗಲಿಸಿದಾಗ ಹೀಗಾಗುವುದುಂಟು.

‘ಬಾಣಂತಿ ನೋವು, ಹೋಗುತ್ತೆ ಬಿಡು’ ಎಂದು ಹಿರಿಯರು ಹೇಳಿದರೆ ಒಪ್ಪಬೇಡಿ. ಬಿಟ್ಟ ಕೀಲನ್ನು ಬಿಗಿಹಿಡಿಯುವ ಪೆಲ್ವಿಕ್ ಬೆಲ್ಟ್ ಈಗಲೇ ಬೇಕು. ಹೊಟ್ಟೆಗೆ ಸೀರೆ ಸುತ್ತಿ ಬಿಗಿಯುವ ನಮ್ಮ ರೂಢಿ ಇದಕ್ಕೆ ಬದಲಿಯಲ್ಲ. ಬೆಲ್ಟ್ ಇನ್ನೂ ಕೆಳಗೆ, ತೊಡೆಮೂಳೆಯ ಮೇಲ್ತುದಿ ಪಕ್ಕಕ್ಕೆ ಉಬ್ಬಿರುವ ಮಟ್ಟದಲ್ಲಿ ಕೂರಬೇಕು. ಎಣ್ಣೆ ಹಚ್ಚುವವರು ಕಾಲು ಅಗಲಿಸಿ ಎಳೆಯಕೂಡದು. ಮಗ್ಗುಲಾಗುವಾಗ, ಏಳುವಾಗ ಮಂಡಿಗಳೆರಡೂ ಜೊತೆಗಿರಲಿ, ನಡುವೆ ಒಂದು ದಿಂಬು. ಒಂಟಿ ಕಾಲಲ್ಲಿ ನಿಲ್ಲುವುದು, ಚಕ್ಕಳಮಕ್ಕಳ ಹಾಕುವುದು, ಬಿಂದಿಗೆ ಎತ್ತುವುದು ಸದ್ಯಕ್ಕೆ ಬೇಡ. ಹಾಗೆಂದು ಹಾಸಿಗೆ ಹಿಡಿದೇ ಇದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯ. ನೋವು ತಾಳುವಷ್ಟು ವಾಕರ್ ಹಿಡಿದು ನಡೆಯಲಿ. ವ್ಯಾಯಾಮವನ್ನು ಫಿಸಿಯೋಥೆರಪಿಸ್ಟ್ ಕಲಿಸುತ್ತಾರೆ. ಹಾಲೂಡಿಸುವಾಗಲೂ ನುಂಗಬಹುದಾದ ನೋವಿನ ಮಾತ್ರೆಗಳಿವೆ, ವೈದ್ಯರನ್ನು ಕೇಳಿ. ಹೆಚ್ಚಿನವರು ಕೆಲವು ವಾರಗಳಿಂದ ಕೆಲವು ತಿಂಗಳೊಳಗೆ ಚೇತರಿಸಿಕೊಳ್ಳುತ್ತಾರೆ. ಸಂದು ಹಲವು ಸೆಂಟಿಮೀಟರ್ ತೆರೆದಿದ್ದರೆ, ಇಲ್ಲವೇ ಇಷ್ಟೆಲ್ಲ ಆರೈಕೆಗೂ ನೋವು ಜಗ್ಗದಿದ್ದರೆ ಮಾತ್ರ ಆಪರೇಷನ್ ಮಾಡಿ ಪ್ಲೇಟ್ ಹಾಕುವ ಮಾತು.

ಮೂತ್ರ ಕಟ್ಟಿದರೆ, ಜ್ವರ ಬಂದರೆ, ಒಂದು ಮೀನಖಂಡ ಊದಿದರೆ, ಉಸಿರು ಕಟ್ಟಿದರೆ ಕಾಯದೆ ಆಸ್ಪತ್ರೆಗೆ ಹೋಗಿ.

ಇನ್ನು ಮುಂದಿನ ಹೆರಿಗೆ. ನೋವು ಮರುಕಳಿಸಬಹುದು, ಆದರೆ ಅದೊಂದೇ ಕಾರಣಕ್ಕೆ ಸಿಸೇರಿಯನ್ ಕಡ್ಡಾಯವಲ್ಲ. ಮಗ್ಗುಲಾಗಿ ಮಲಗಿಯೋ ಅಂಬೆಗಾಲಿನ ಭಂಗಿಯಲ್ಲೋ ಹೆರಬಹುದು. ಹೆರಿಗೆ ನೋವು ತಿಳಿಯದಂತೆ ಬೆನ್ನಿಗೆ ಕೊಡುವ ಎಪಿಡ್ಯೂರಲ್ ಚುಚ್ಚುಮದ್ದಿಗೆ ಮೊದಲೇ, ನೋವಿಲ್ಲದೆ ಮಂಡಿ ಎಷ್ಟು ಅಗಲಿಸಬಹುದೆಂದು ಟೇಪಿನಿಂದ ಅಳೆದು ಬರೆದಿಡುವುದು ಒಳ್ಳೆಯ ಕ್ರಮ. ಮರಗಟ್ಟಿದ ಮೇಲೆ ಮಿತಿ ಮೀರಿದ್ದು ಅವಳಿಗೇ ಗೊತ್ತಾಗದು. ಈಗಿನ ಎಕ್ಸ್‌ರೇ ಜೋಪಾನವಾಗಿಟ್ಟುಕೊಂಡು, ಮತ್ತೆ ಬಸಿರಾದಾಗ ಮೊದಲ ತಪಾಸಣೆಯಲ್ಲೇ ತೋರಿಸಲು ಹೇಳಿ.